ಕ್ಲಬ್ಬಿನ ಹಿರಿಯ ಸದಸ್ಯರ ಕಾಯಿಲೆ

ತಕ್ಕಡಿಯಪ್ಪನವರಿಗೆ ಕ್ಲಬ್ಬಿನಿಂದ ಕಾಗದ ಬಂದಿದೆ ಎಂಬ ಸುದ್ದಿ, ಆ ಕಾಗದ ತಕ್ಕಡಿಯಪ್ಪನವರ ಕೈ ಸೇರುವುದಕ್ಕೆ ಒಂದು ಗಂಟೆ ಮೊದಲೇ ನಮ್ಮ ಬೀದಿಗೆಲ್ಲ ಗೊತ್ತಾಗಿತ್ತು. ಇದರಲ್ಲಿ ಅಂಚೆಯವನ ತಪ್ಪೇನೂ ಇಲ್ಲ. ಲಕೋಟೆ ಅಷ್ಟು ದಪ್ಪಗಿತ್ತು, ಅದರ ಮೇಲಿನ ಕಂಚಿನ ಬಣ್ಣದ ಮುದ್ರೆ ಅಷ್ಟು ಹೊಳೆಯುತ್ತಿತ್ತು. ಅಂಥದ್ದನ್ನು ಚೀಲದೊಳಗೆ ಬಚ್ಚಿಟ್ಟುಕೊಂಡು ನಡೆಯುವಷ್ಟು ಕಲ್ಲುಮನಸ್ಸು ಅವನದಲ್ಲ.

ತಕ್ಕಡಿಯಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವರ ಕಸುಬು ತಕ್ಕಡಿ ರಿಪೇರಿ. ಅಂಗಡಿಗಳ ತಕ್ಕಡಿ, ಅಂಚೆ ಕಚೇರಿಯ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಕ್ಕಡಿ, ಹೀಗೆ ಮೂವತ್ತು ವರ್ಷಗಳಿಂದ ಊರಿನ ತೂಕವೆಲ್ಲ ಅವರ ಕೈಯಲ್ಲೇ ಇತ್ತು. ಆದರೆ ಅವರ ಮಾತಿಗೆ ಮಾತ್ರ ಯಾರೂ ತೂಕ ಕೊಡುತ್ತಿರಲಿಲ್ಲ. ಮಾತು ಶುರುಮಾಡಿ ನಡುವೆ ದಾರಿ ತಪ್ಪುವುದು ಅವರ ಸ್ವಭಾವ. ಅವರು ದಾರಿ ಹುಡುಕಿಕೊಂಡು ಹಿಂದಿರುಗುವಷ್ಟರಲ್ಲಿ ಕೇಳುತ್ತಿದ್ದವರು ತಮಗೆ ಬೇಕಾದ ಊರು ತಲುಪಿಬಿಟ್ಟಿರುತ್ತಿದ್ದರು.

ಇನ್ನು ಕ್ಲಬ್ಬಿನ ವಿಷಯ. ನದಿಯ ಪಕ್ಕದ ಹಳೇ ಗೋದಾಮು ನೂರಿಪ್ಪತ್ತು ವರ್ಷದ ಮೂರಂತಸ್ತಿನ ಇಟ್ಟಿಗೆ ಕಟ್ಟಡ. ಒಂದು ಕಾಲದಲ್ಲಿ ಊರಿನ ಹತ್ತಿ, ಉಣ್ಣೆ, ಚರ್ಮವೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು. ಆಮೇಲೆ ಇಪ್ಪತ್ತೈದು ವರ್ಷ ಅದು ಪಾರಿವಾಳಗಳ ಸ್ವಂತ ಆಸ್ತಿಯಾಗಿತ್ತು. ಹೋದ ವರ್ಷ ಅದನ್ನು ಕಟ್ಟಿಸಿದವರ ಮರಿಮಗ ಪಾರಿವಾಳಗಳನ್ನು ಎಬ್ಬಿಸಿ, ಗೋಡೆ ತೊಳೆಸಿ, ಕಬ್ಬಿಣದ ಕಂಬಗಳಿಗೆ ಹಸಿರು ಬಣ್ಣ ಹೊಡೆಸಿ ಕ್ಲಬ್ಬು ತೆರೆದು ತಾವೇ ಅದರ ಅಧ್ಯಕ್ಷರಾದರು. ಮೂಟೆ ಎತ್ತುವ ರಾಟೆಗೆ ಚಿನ್ನದ ಬಣ್ಣ ಬಂತು. ಹತ್ತಿ ಪೇರಿಸುತ್ತಿದ್ದ ಕಡೆ ಬಿಲಿಯರ್ಡ್ಸ್ ಮೇಜು ಬಂತು. ಚರ್ಮ ಪೇರಿಸುತ್ತಿದ್ದ ಕೋಣೆ ವಾಚನಾಲಯವಾಯಿತು. ಮೋಡ ಕವಿದ ದಿನ ಅಲ್ಲಿ ಈಗಲೂ ಹಸಿ ಚರ್ಮದ ವಾಸನೆ ಏಳುತ್ತದೆ. ಅದಕ್ಕೆ ಕಾರ್ಯದರ್ಶಿಗಳು ‘ಇದು ಚಾರಿತ್ರಿಕ ವಾಸನೆ, ದಯವಿಟ್ಟು ಕಿಟಕಿ ತೆರೆಯಬೇಡಿ’ ಎಂದು ಫಲಕ ಹಾಕಿಸಿದ್ದಾರೆ. ನಮ್ಮ ಬೀದಿಯವರು ಯಾರೂ ಆ ಕ್ಲಬ್ಬಿನ ಒಳಗೆ ಕಾಲಿಟ್ಟಿರಲಿಲ್ಲ. ಹೊರಗಿನಿಂದ ಬಾಗಿಲಿನ ಹಿತ್ತಾಳೆ ಹಿಡಿಕೆ ನೋಡಿ ಬಂದವರೇ ಎರಡು ದಿನ ಅದರ ಮಾತಾಡುತ್ತಿದ್ದರು.

ಅಂಥ ಕ್ಲಬ್ಬಿನ ಕಾಗದವನ್ನು ತಕ್ಕಡಿಯಪ್ಪನವರ ಭಾವಮೈದ ಓದಿದ. ಅವನು ದಸ್ತಾವೇಜು ಕಚೇರಿಯಲ್ಲಿ ನಕಲು ಗುಮಾಸ್ತ. ಹದಿನೈದು ವರ್ಷ ಬೇರೆಯವರ ಕಾಗದ ನಕಲು ಮಾಡಿ ಮಾಡಿ, ಬರೆದದ್ದಕ್ಕಿಂತ ಬರೆಯದೇ ಬಿಟ್ಟದ್ದು ತನಗೆ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು.

“‘ಮಾನ್ಯರೇ, ನಮ್ಮ ಕ್ಲಬ್ಬಿನ ಅತ್ಯಂತ ಹಿರಿಯ ಸದಸ್ಯರ ಆರೋಗ್ಯ ಕೆಲವು ತಿಂಗಳುಗಳಿಂದ ಸರಿಯಿಲ್ಲ. ತಾವು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ದಯಮಾಡಿಸಿ ಅವರನ್ನು ನೋಡಬೇಕು. ಅವರ ಜಾಗದಲ್ಲಿ ಇನ್ನೊಬ್ಬರನ್ನು ತರುವುದು ನಮಗೆ ಇಷ್ಟವಿಲ್ಲ. ಆದರೂ ಈ ವಿಷಯದಲ್ಲಿ ಕೊನೆಯ ಮಾತು ತಮ್ಮದೇ.’” ಓದಿ ಮುಗಿಸಿ ಅವನು ಕಾಗದವನ್ನು ಮಡಿಸಿ ಎದೆಗೊತ್ತಿಕೊಂಡ. “ಅಕ್ಕಾ, ಗೊತ್ತಾಯ್ತಾ?”

“ಯಾರಿಗೋ ಹುಷಾರಿಲ್ಲ ಅಂತ ಗೊತ್ತಾಯ್ತು,” ಎಂದರು ತಕ್ಕಡಿಯಪ್ಪನವರ ಹೆಂಡತಿ.

“ಅಷ್ಟೇನಾ? ಹೋಗೋ ಜೀವ ಭಾವನ ಮುಖ ನೋಡ್ಬೇಕು ಅಂತಿದೆ. ಅವರ ಜಾಗ ಖಾಲಿಯಾಗ್ತಿದೆ. ಬೇರೆಯವರು ಬೇಡ್ವಂತೆ. ಕೊನೇ ಮಾತು ಭಾವನದೇ ಅಂತೆ. ಇನ್ನೇನು ಬಾಯ್ಬಿಟ್ಟು ಹೇಳ್ಬೇಕು? ಭಾವ ಕ್ಲಬ್ಬಿನ ಸದಸ್ಯ ಆಗ್ತಿದ್ದಾರೆ!”

ತಕ್ಕಡಿಯಪ್ಪನವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಅಲ್ಲ ಕಣೋ, ನಂಗೆ ಆ ಕ್ಲಬ್ಬಲ್ಲಿ ಯಾರೂ ಗೊತ್ತಿಲ್ಲ. ನಮ್ಮಪ್ಪ ಹಿಂದೆ ಅಲ್ಲಿ ತಕ್ಕಡಿ…”

“ನೋಡಿದ್ಯಾ ಅಕ್ಕಾ! ತಂದೆ ಕಾಲದ ಸ್ನೇಹ!”

ಅಲ್ಲಿಗೆ ಮುಗಿಯಿತು. ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಬಂದು, ಆ ಹಿರಿಯ ಸದಸ್ಯರನ್ನು ತಾವು ಚಿಕ್ಕಂದಿನಲ್ಲಿ ನೋಡಿದ್ದ ಹಾಗೆ ನೆನಪಿದೆ, ಉದ್ದ ಮೂಗು, ಬಿಳೀ ಗಡ್ಡ, ಬಹಳ ದೊಡ್ಡ ಮನುಷ್ಯ ಎಂದು ಹೇಳಿ ಹೋದರು.

ಗುರುವಾರ ತಕ್ಕಡಿಯಪ್ಪನವರು ಕಾಯಿಲೆಯವರನ್ನು ನೋಡಲು ಹೋಗುವವರ ಹಾಗೆ ಹೊರಟರು. ಮೈಮೇಲೆ ಇಸ್ತ್ರಿ ಮಾಡಿದ ಕೋಟು, ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಬಿಸಿ ಹಾಲಿನ ಫ್ಲಾಸ್ಕು. ಮುಖದಲ್ಲಿ ಎಷ್ಟು ದುಃಖ ಇರಬೇಕು ಎಂಬುದನ್ನು ಹೆಂಡತಿ ಬಾಗಿಲಲ್ಲೇ ತಿದ್ದಿ ಕಳಿಸಿದ್ದರು. “ಅಷ್ಟೊಂದು ಬೇಡ ರೀ. ಇನ್ನೂ ಇದ್ದಾರೆ ಅವರು.”

ಕ್ಲಬ್ಬಿನ ಹಜಾರದಲ್ಲಿ ಕಾರ್ಯದರ್ಶಿಗಳು ಕಾಯುತ್ತಿದ್ದರು. ಕೊರಳಿಗೆ ಬೋ ಕಟ್ಟಿದ ತೆಳ್ಳನೆಯ ಮನುಷ್ಯ. ನೇರವಾಗಿ ಹೇಳಬಹುದಾದ ಮಾತನ್ನು ಅಲಂಕಾರವಿಲ್ಲದೆ ಹೇಳಿದರೆ ಕ್ಲಬ್ಬಿನ ಗೌರವಕ್ಕೆ ಕುಂದು ಎಂದು ಅವರ ಅಭಿಪ್ರಾಯ.

“ಹೇಗಿದ್ದಾರೆ?” ತಕ್ಕಡಿಯಪ್ಪನವರು ಪಿಸುಗುಟ್ಟಿದರು.

“ಏನು ಹೇಳ್ಲಿ? ಸುಳ್ಳು ಹೇಳೋಕೆ ಶುರು ಮಾಡಿದ್ದಾರೆ.”

“ವಯಸ್ಸಾದ ಮೇಲೆ ಕೆಲವರಿಗೆ ನೆನಪು ತಪ್ಪುತ್ತೆ.”

“ನೆನಪಲ್ಲ ಸ್ವಾಮಿ, ಹತ್ತಿರ ಹೋದವರ ಮಾನ ತೆಗೀತಾರೆ. ನಮ್ಮ ಅಧ್ಯಕ್ಷರನ್ನ ಎಲ್ಲರೆದುರಿಗೆ ತೊಂಬತ್ತು ಅಂದುಬಿಟ್ರು. ಅಧ್ಯಕ್ಷರು ಎಪ್ಪತ್ತೆಂಟು!”

“ಎಪ್ಪತ್ತೆಂಟಾದ್ರೂ ಕಡಿಮೆಯೇನಲ್ಲ ಬಿಡಿ. ಆ ಘಟ್ಟದಲ್ಲಿ ಹತ್ತು ಹನ್ನೆರಡು ಹೆಚ್ಚುಕಡಿಮೆ ಆದ್ರೆ ಯಾರೂ ಮನಸ್ಸಿಗೆ ಹಚ್ಕೋಬಾರದು. ಊಟ ಗೀಟ ಮಾಡ್ತಾರಾ?”

“ಊಟವೇ?” ಕಾರ್ಯದರ್ಶಿಗಳು ಇದು ಹಾಸ್ಯವೆಂದುಕೊಂಡು ಮೆಲ್ಲಗೆ ನಕ್ಕರು. “ಆಗಾಗ ಸ್ವಲ್ಪ ಎಣ್ಣೆ ಹಾಕಿಸ್ತೀವಿ. ಕೀಲುಗಳಿಗೆ.”

“ಒಳ್ಳೇದೇ. ನಮ್ಮತ್ತೆಗೂ ಹಚ್ತಾ ಇದ್ವಿ. ಈಗ ಎಲ್ಲಿ ಮಲಗಿದ್ದಾರೆ?”

“ಬಾಗಿಲಲ್ಲೇ ಇದ್ದಾರಲ್ಲ! ನೀವು ಅವರ ಮೇಲೆ ಕಾಲಿಟ್ಟುಕೊಂಡೇ ಒಳಗೆ ಬಂದಿದ್ದು.”

ತಕ್ಕಡಿಯಪ್ಪನವರು ಒಂದು ಮಾರು ಹಾರಿದರು. ಫ್ಲಾಸ್ಕು ಕೈಜಾರಿ ಉರುಳಿಕೊಂಡು ಹೋಗಿ ನಿಂತದ್ದು ಬಾಗಿಲ ಬಳಿ, ನೆಲಕ್ಕೆ ಸಮನಾಗಿ ಕೂರಿಸಿದ್ದ ಕಬ್ಬಿಣದ ದೊಡ್ಡ ಹಲಗೆಯ ಮೇಲೆ. ಹಲಗೆಯ ಪಕ್ಕದಲ್ಲಿ ಆಳೆತ್ತರದ ಕಂಬ, ಕಂಬದ ನೆತ್ತಿಯಲ್ಲಿ ತಟ್ಟೆಯಗಲದ ಬಿಳಿ ಮುಖ, ಅದರಲ್ಲೊಂದು ಕಪ್ಪು ಮುಳ್ಳು. ಮೂಟೆ ತೂಗುವ ತಕ್ಕಡಿ! ಫ್ಲಾಸ್ಕಿನ ಭಾರಕ್ಕೆ ಮುಳ್ಳು ಒಂದಿಷ್ಟು ಅಲುಗಾಡಿ ನಿಂತಿತು.

“ಇವರೇ ನಮ್ಮ ಹಿರಿಯ ಸದಸ್ಯರು,” ಎಂದರು ಕಾರ್ಯದರ್ಶಿಗಳು, ಹೆಮ್ಮೆಯಿಂದ.

ಬೇರೆ ಯಾರಾದರೂ ಆಗಿದ್ದರೆ ಇಂಗು ತಿಂದ ಮಂಗನ ಹಾಗೆ ನಿಲ್ಲುತ್ತಿದ್ದರು. ತಕ್ಕಡಿಯಪ್ಪನವರು ಮಾತ್ರ ಆ ಕ್ಷಣದಿಂದ ಬೇರೆಯೇ ಮನುಷ್ಯರಾದರು. ಹಣ್ಣಿನ ಚೀಲವನ್ನು ಕಾರ್ಯದರ್ಶಿಗಳ ಕೈಗೆ ತುರುಕಿ, ಕೋಟು ಕಳಚಿ, ನೆಲಕ್ಕೆ ಕಿವಿ ಹಚ್ಚಿ ಮಲಗಿದರು.

ಕಾರ್ಯದರ್ಶಿಗಳು ಚೀಲ ಹಿಡಿದುಕೊಂಡೇ ಕಥೆ ಹೇಳಿದರು. ಹಿಂದೆ ಒಂದೊಂದು ಮೂಟೆ ಬಂದಾಗಲೂ ಬಾಗಿಲಿನವನು ತೂಕ ಕೂಗಿ ಹೇಳಿ, ಕರೀ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದನಂತೆ. ಆ ಸಂಪ್ರದಾಯ ಉಳಿಯಲಿ ಎಂದು ಅಧ್ಯಕ್ಷರು ಮೊದಲ ದಿನವೇ ನಿಯಮ ಮಾಡಿದರು. ಒಳಗೆ ಬರುವ ಪ್ರತಿ ಸದಸ್ಯರನ್ನೂ ತೂಗಬೇಕು, ಕೂಗಬೇಕು, ಬರೆಯಬೇಕು. ಒಂದು ವಾರ ಎಲ್ಲರಿಗೂ ತಮಾಷೆ. ಎರಡನೇ ವಾರ ಸದಸ್ಯರು ಬಾಗಿಲಲ್ಲೇ ಬೂಟು ಬಿಚ್ಚತೊಡಗಿದರು. ಮೂರನೇ ವಾರ ಕೋಟು, ಬೆಲ್ಟು, ಕನ್ನಡಕ. ಆಮೇಲೆ ಕೆಲವರು ಹಿಂಬದಿಯಲ್ಲಿ ಮೂಟೆ ಜಾರಿಸುತ್ತಿದ್ದ ಕಿಂಡಿಯಿಂದ ಬರತೊಡಗಿದರು. ಅದರಲ್ಲಿ ಉಪಾಧ್ಯಕ್ಷರು ಸಿಕ್ಕಿಕೊಂಡು, ಅವರನ್ನು ಬಿಡಿಸಲು ಚಿನ್ನದ ಬಣ್ಣದ ರಾಟೆಯನ್ನೇ ಬಳಸಬೇಕಾಯಿತು. ಅವರು ಮತ್ತೆ ಇತ್ತ ತಲೆ ಹಾಕಲಿಲ್ಲ.

“ಇನ್ನೂರು ಜನ ಇದ್ದ ಕ್ಲಬ್ಬು, ಈಗ ಹತ್ತೊಂಬತ್ತು ಜನ ಬರ್ತಾರೆ. ಅವರೂ ಸಣ್ಣಗಿರೋವರು. ಇನ್ನೊಂದು ತಿಂಗಳು ಹೀಗೇ ಆದ್ರೆ ಬೀಗ. ಆಮೇಲೆ ಮತ್ತೆ ಪಾರಿವಾಳವೇ.”

“ತಕ್ಕಡಿ ತೆಗೆಸಿಬಿಡಿ.”

“ಹೇಗೆ ತೆಗೆಸೋದು? ಹಳೇ ತಕ್ಕಡಿ ಇದ್ದ ಜಾಗದಲ್ಲೇ ಇರ್ಬೇಕು, ಕೆಲಸ ಮಾಡ್ತಿರ್ಬೇಕು ಅನ್ನೋ ಕರಾರಿನ ಮೇಲೇ ನಮಗೆ ಪರವಾನಗಿ ಸಿಕ್ಕಿರೋದು. ರೋಗ ಇರೋದು ತಕ್ಕಡಿಗೆ. ಅಧ್ಯಕ್ಷರು ತೊಂಬತ್ತು ಹೇಗಾಗ್ತಾರೆ? ಅವರೇ ಹೇಳಿದ್ದಾರೆ ಎಪ್ಪತ್ತೆಂಟು ಅಂತ.”

ತಕ್ಕಡಿಯಪ್ಪನವರು ತಾವೇ ಹಲಗೆ ಹತ್ತಿ ನಿಂತರು. ಅವರ ತೂಕ ಅರುವತ್ತನಾಲ್ಕು. ಅದನ್ನು ಅವರು ದಿನಾ ಬೆಳಿಗ್ಗೆ ಮನೆಯಲ್ಲಿ ನಾಲ್ಕು ಬೇರೆ ಬೇರೆ ತಕ್ಕಡಿಗಳಲ್ಲಿ ನೋಡಿಕೊಳ್ಳುತ್ತಾರೆ. ಇಲ್ಲಿ ಮುಳ್ಳು ಅರುವತ್ತಕ್ಕೇ ನಿಂತಿತು.

“ರೋಗ ಇದೆ,” ಎಂದರು.

“ಇದೆ ತಾನೇ! ನಾನು ಹೇಳಲಿಲ್ವೇ!”

“ಆದ್ರೆ ಇದು ನೀವು ತಿಳ್ಕೊಂಡಿರೋ ರೋಗ ಅಲ್ಲ. ಇದು ಏನ್ಮಾಡ್ತಿದೆ ಅಂದ್ರೆ, ನಮ್ಮಪ್ಪ ಒಂದ್ಸಲ ಹೇಳ್ತಿದ್ರು…”

ಕಾರ್ಯದರ್ಶಿಗಳಿಗೆ ಅಪ್ಪನ ಮಾತು ಬೇಕಿರಲಿಲ್ಲ. “ಸರಿ ಆಗುತ್ತೋ ಇಲ್ವೋ, ಅಷ್ಟು ಹೇಳಿ.”

“ಸರಿ ಮಾಡ್ತೀನಿ.”

“ಬದುಕಿಸಿದ್ರಿ! ಶನಿವಾರ ಮಧ್ಯಾಹ್ನ ನಮ್ಮ ವಾರ್ಷಿಕೋತ್ಸವ. ಬಿಟ್ಟುಹೋದ ಸದಸ್ಯರೆಲ್ಲ ಬರ್ತಾರೆ. ತಕ್ಕಡಿ ಸರಿಯಾಗಿದೆ ಅಂತ ಎಲ್ಲರೆದುರಿಗೆ ತೋರಿಸ್ಬೇಕು. ತಾವೂ ಮನೆಯವರನ್ನ ಕರ್ಕೊಂಡು ಬನ್ನಿ,” ಎಂದು ಕಾರ್ಯದರ್ಶಿಗಳು ಒಂದು ದಪ್ಪ ಕಾರ್ಡು ಕೊಟ್ಟರು. ಕಾರ್ಡಿನ ಮೇಲೆ ‘ಗೌರವಾನ್ವಿತ ಸದಸ್ಯರೇ’ ಎಂದು ಅಚ್ಚಾಗಿತ್ತು. ಎಲ್ಲ ಕಾರ್ಡಿನ ಮೇಲೂ ಹಾಗೇ ಅಚ್ಚಾಗಿತ್ತು.

ಮನೆಯಲ್ಲಿ ಅರ್ಧ ಬೀದಿ ಕಾಯುತ್ತಿತ್ತು. ತಕ್ಕಡಿಯಪ್ಪನವರು ಚಪ್ಪಲಿ ಬಿಡುವ ಮೊದಲೇ ಭಾವಮೈದ ಜೇಬಿನಿಂದ ಕಾರ್ಡು ಎಳೆದು, ಮೊದಲ ಎರಡು ಪದಗಳನ್ನು ಮೂರು ಸಲ ಓದಿದ.

“ಹಿರಿಯರು ಹೇಗಿದ್ದಾರೆ?” ಡ್ರಾಯಿಂಗ್ ಮೇಷ್ಟ್ರು ಕೇಳಿದರು.

“ಗಟ್ಟಿಮುಟ್ಟಾಗಿದ್ದಾರೆ. ಇನ್ನೂ ನೂರು ವರ್ಷಕ್ಕೆ ಏನೂ ಆಗಲ್ಲ,” ಎಂದರು ತಕ್ಕಡಿಯಪ್ಪನವರು.

ಬಂದವರಿಗೆಲ್ಲ ಇದರಿಂದ ಸ್ವಲ್ಪ ನಿರಾಸೆಯಾಯಿತು. ಮೇಷ್ಟ್ರು ಮಾತ್ರ ಧೈರ್ಯ ಬಿಡಲಿಲ್ಲ. “ಮೂಗು ಉದ್ದ ಅಲ್ವೇ?”

“ಮುಳ್ಳು ಉದ್ದ…”

“ಅದೇ, ಮುಳ್ಳಿನ ಹಾಗಿರೋ ಮೂಗು. ನಾನು ಹೇಳಿದ್ದೇ.”

“ಅದು ಹಾಗಲ್ಲ ಮೇಷ್ಟ್ರೇ, ಅಲ್ಲಿ ಆಗಿದ್ದೇನಂದ್ರೆ…”

“ಭಾವ, ಶನಿವಾರ ಅಲ್ಲಿ ನಿಮ್ಮನ್ನ ಮಾತಾಡಿ ಅಂದ್ರೆ ಹೀಗೆಲ್ಲ ತೊದಲಬಾರದು,” ಎಂದ ಭಾವಮೈದ. ತಾನೇ ಒಂದು ಭಾಷಣ ಬರೆದುಕೊಡುವುದಾಗಿ ಘೋಷಿಸಿದ. ಕೆಳಮನೆಯ ಟೈಲರ್ ಅಳತೆ ಟೇಪು ತಂದು ತಕ್ಕಡಿಯಪ್ಪನವರ ಭುಜ ಅಳೆಯತೊಡಗಿದ. ಈ ಗದ್ದಲದಲ್ಲಿ ಅವರು ನಿಜ ಹೇಳಲು ನಾಲ್ಕು ಸಲ ಬಾಯಿ ತೆರೆದರು. ನಾಲ್ಕನೇ ಸಲ ಟೈಲರು, “ಉಸಿರು ಬಿಡಬೇಡಿ, ಎದೆ ಅಳತೆ ತಪ್ಪುತ್ತೆ,” ಎಂದ. ಬಾಯಿ ಮುಚ್ಚಿಕೊಂಡರು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಅಂಗಿಯ ತೋಳನ್ನೇ ನೋಡುತ್ತಿದ್ದರು.

ಶುಕ್ರವಾರ ತಕ್ಕಡಿಯಪ್ಪನವರು ‘ಕ್ಲಬ್ಬಿಗೆ ಹೋಗಿ ಬರ್ತೀನಿ’ ಎಂದು ಸಾಮಾನಿನ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಅಲ್ಲಿ ಕಬ್ಬಿಣದ ಹಲಗೆ ಎಬ್ಬಿಸಿ ಕೆಳಗಿನ ಗುಂಡಿಗೆ ಇಳಿದರು. ಸೊಂಟದಾಳದ ಗುಂಡಿ. ಸನ್ನೆಗೋಲುಗಳು ಒಂದಕ್ಕೊಂದು ಕೈಕೊಟ್ಟುಕೊಂಡು ಕೂತಿದ್ದವು. ಎಲ್ಲ ನೆಟ್ಟಗಿತ್ತು. ದೊಡ್ಡ ಸನ್ನೆಗೋಲಿನ ಬುಡದಲ್ಲಿ ಮಾತ್ರ ಅಂಗೈಯಗಲದ ಒಂದು ಮರದ ಬೆಣೆ ಸಿಕ್ಕಿಸಿತ್ತು.

ತಾನಾಗಿ ಬಿದ್ದು ಸಿಕ್ಕಿಕೊಂಡ ತುಂಡಲ್ಲ ಅದು. ಒಳ್ಳೇ ಸಾಗುವಾನಿ ಮರ, ನುಣ್ಣಗೆ ಕೆತ್ತಿದ್ದು. ಎಳೆಯಲು ಅನುಕೂಲವಾಗಲಿ ಎಂದು ಪುಟ್ಟ ಹಿತ್ತಾಳೆ ಹಿಡಿ ಬೇರೆ. ಹಿಡಿಯ ಮೇಲೆ ಗೋದಾಮು ಕಟ್ಟಿಸಿದ ಮಹನೀಯರ ವ್ಯಾಪಾರದ ಮುದ್ರೆ. ಹಜಾರದಲ್ಲಿ ಅವರ ಎಣ್ಣೆಬಣ್ಣದ ಚಿತ್ರ ಇದೆ. ಚಿತ್ರದ ಕೆಳಗೆ ‘ತೂಕದಲ್ಲಿ ಧರ್ಮ’ ಎಂದು ಬರೆದಿದೆ. ಮಾಲು ತಂದವರ ಹತ್ತಿರ ಕೊಳ್ಳುವಾಗ ಬೆಣೆ ಒಳಗೆ, ತಾವು ಮಾರುವಾಗ ಬೆಣೆ ಹೊರಗೆ. ಹದಿನಾರರಲ್ಲಿ ಒಂದು ಪಾಲು ಹೀಗೆ ನೆಲದೊಳಗೇ ಮಾಯವಾಗುತ್ತಿತ್ತು. ಕೊನೆಯ ಸಲ ಯಾರೋ ಕೊಂಡಾದ ಮೇಲೆ ಬೆಣೆ ತೆಗೆಯುವುದನ್ನು ಮರೆತಿದ್ದರು, ಅಷ್ಟೇ.

ತಕ್ಕಡಿಯಪ್ಪನವರು ಬೆಣೆ ಎಳೆದು ಹಲಗೆ ಮುಚ್ಚಿ ಮೇಲೆ ನಿಂತರು. ಅರುವತ್ತನಾಲ್ಕು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಅಂದರೆ ಅಧ್ಯಕ್ಷರು ತೊಂಬತ್ತಲ್ಲ, ತೊಂಬತ್ತಾರು.

ಅವರು ಮತ್ತೆ ಹಲಗೆ ತೆಗೆದು ಬೆಣೆಯನ್ನು ಅದರ ಜಾಗದಲ್ಲಿಟ್ಟರು. ಬಾಗಿಲ ತನಕ ಹೋದರು. ಹಿಂದಿರುಗಿ ಬೆಣೆ ಎಳೆದರು. ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದರು. ಶನಿವಾರ ಬರಲಿರುವ ಭಾವಮೈದ, ಮೇಷ್ಟ್ರು, ಟೈಲರು ಎಲ್ಲರೂ ನೆನಪಾಗಿ ಮತ್ತೆ ಒಳಗೆ ಹೋದರು. ಇದಕ್ಕಿಂತ ಒಂಚೂರು ದಪ್ಪನೆಯ ಬೆಣೆ ಕೆತ್ತಿ ಹಾಕಿದರೆ ಅಧ್ಯಕ್ಷರು ಎಪ್ಪತ್ತೆಂಟಕ್ಕೆ ಬಂದು ನಿಲ್ಲುತ್ತಾರೆ, ಅದಕ್ಕೆ ಐದು ನಿಮಿಷದ ಕೆಲಸ. ಪೆಟ್ಟಿಗೆಯಿಂದ ಮರದ ತುಂಡು ತೆಗೆದರು, ಉಳಿ ತೆಗೆದರು, ಒಂದು ಹೊಡೆತ ಹೊಡೆದರು. ಆಮೇಲೆ ಉಳಿಯನ್ನೂ ತುಂಡನ್ನೂ ಹಳೇ ಬೆಣೆಯನ್ನೂ ಒಟ್ಟಿಗೆ ಪೆಟ್ಟಿಗೆಗೆ ಎಸೆದು, ಹಲಗೆಯ ನಾಲ್ಕೂ ಸ್ಕ್ರೂ ಬಿಗಿ ಮಾಡಿ, ಹಿಂದೆ ನೋಡದೆ ಬೀಸುಗಾಲಲ್ಲಿ ನಡೆದುಬಿಟ್ಟರು.

ಎದುರಿಗೆ ಸಿಕ್ಕ ಕಾರ್ಯದರ್ಶಿಗಳು ಕೇಳಿದರು: “ಸರಿ ಆಯ್ತಾ?”

“ಸರಿ ಆಯ್ತು.”

“ಪೂರ್ತಿ?”

“ಇಷ್ಟು ಸರಿ ಅದು ಹುಟ್ಟಿದಾಗಿನಿಂದ ಇದ್ದಿರಲಾರದು.”

ಶನಿವಾರ ಮಧ್ಯಾಹ್ನ ಮೂರಕ್ಕೆ ಬಿಟ್ಟುಹೋದ ಸದಸ್ಯರೆಲ್ಲ ಬಂದು ಹಜಾರದ ತುಂಬ ನಿಂತಿದ್ದರು. ಅಂದು ಒಂದು ದಿನದ ಮಟ್ಟಿಗೆ ಪಕ್ಕದ ಬಾಗಿಲು ತೆರೆದಿದ್ದರು. ನಮ್ಮ ಬೀದಿಯ ಪರಿವಾರವೂ ಬಂತು. ತಕ್ಕಡಿಯಪ್ಪನವರು ಟೈಲರ್ ಹೊಲಿದ ಹೊಸ ಕೋಟಿನಲ್ಲಿ ಕೈ ಅಲ್ಲಾಡಿಸಲಾಗದೆ ನಿಂತಿದ್ದರು. ಭಾವಮೈದನ ಕೈಯಲ್ಲಿ ಹನ್ನೊಂದು ಪುಟದ ಭಾಷಣವಿತ್ತು. ಮೇಷ್ಟ್ರು ಎಲ್ಲರ ಮೂಗು ನೋಡುತ್ತ ಹಿರಿಯ ಸದಸ್ಯರನ್ನು ಹುಡುಕುತ್ತಿದ್ದರು.

ಅಧ್ಯಕ್ಷರು ಎದ್ದು ನಿಂತರು. ಎತ್ತರಕ್ಕೂ ಅಗಲಕ್ಕೂ ಒಪ್ಪುವಂಥ ಆಳು. “ಮಿತ್ರರೇ, ಒಂದು ತಕ್ಕಡಿಯ ಸುಳ್ಳಿನಿಂದ ನಮ್ಮ ನಡುವೆ ಬಿರುಕು ಬಂತು. ಇವತ್ತು ಅದರ ಬಾಯಲ್ಲಿ ಸತ್ಯ ಹೊರಡುತ್ತೆ. ಆಮೇಲೆ ಯಾರಿಗೂ ಅನುಮಾನ ಬರಬಾರದು ಅಂತ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರನ್ನೇ ಕರೆಸಿದ್ದೀನಿ.”

ಇನ್ಸ್‌ಪೆಕ್ಟರು ನಗುವುದನ್ನು ಇಲಾಖೆಗೆ ಒಪ್ಪಿಸಿ ಬಂದಂತಿದ್ದರು. ಇಪ್ಪತ್ತು ಕಿಲೋದ ಐದು ಕಲ್ಲುಗಳನ್ನು ಒಂದೊಂದಾಗಿ ಹಲಗೆಯ ಮೇಲಿಡಿಸಿ, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, “ನೂರಕ್ಕೆ ನೂರು. ಇಂಥ ಕೆಲಸ ಅಪರೂಪ,” ಎಂದು ಸೀಸದ ಮುದ್ರೆ ಒತ್ತಿಬಿಟ್ಟರು. ಚಪ್ಪಾಳೆ ಬಿತ್ತು. ಅಧ್ಯಕ್ಷರು ನಗುತ್ತ, ಬೂಟು ಕೂಡ ಬಿಚ್ಚದೆ, ಹಲಗೆ ಹತ್ತಿದರು.

ಬಾಗಿಲಿನವನು ಮುಳ್ಳು ನೋಡಿದ. ಕಾರ್ಯದರ್ಶಿಗಳ ಕಡೆ ನೋಡಿದ.

“ಕೂಗಯ್ಯ!” ಎಂದರು ಕಾರ್ಯದರ್ಶಿಗಳು.

“ತೊಂಬತ್ತಾರು!”

ಸೀಮೆಸುಣ್ಣ ಬಿದ್ದ ಸದ್ದು ಮೂರನೇ ಅಂತಸ್ತಿನಲ್ಲೂ ಕೇಳಿಸಿತು. ಕಾರ್ಯದರ್ಶಿಗಳ ಕೊರಳ ಬೋ ತಾನಾಗಿ ಒಂದು ಪಕ್ಕಕ್ಕೆ ವಾಲಿತು. “ಸರಿ ಮಾಡ್ತೀನಿ ಅಂದ್ರಲ್ರೀ!” ಎಂದು ತಕ್ಕಡಿಯಪ್ಪನವರ ಮೇಲೆ ಹರಿಹಾಯ್ದರು. “ತಕ್ಕಡಿ ರಿಪೇರಿಯವರು ಅಂತ ನಂಬಿ ಕರೆಸಿದ್ರೆ ಇದೇನ್ರೀ ಮಾಡಿದ್ದು?”

“ರಿಪೇರಿಯವರಾ?” ಭಾವಮೈದನ ಕೈಯಿಂದ ಭಾಷಣದ ಹಾಳೆಗಳು ಒಂದೊಂದಾಗಿ ಜಾರಿದವು. “ಮತ್ತೆ ಹಿರಿಯ ಸದಸ್ಯರು?”

“ಅಧ್ಯಕ್ಷರು ಅವರ ಮೇಲೇ ನಿಂತಿದ್ದಾರಲ್ಲ!”

ಮೇಷ್ಟ್ರು ತಕ್ಕಡಿಯ ಮುಳ್ಳನ್ನು ನೋಡಿ, “ನಾನು ಉದ್ದ ಅಂತ ಹೇಳಿದ್ದೇನೋ ನಿಜ,” ಎಂದು ಗೊಣಗಿದರು.

ಇನ್ನೂರು ಜೊತೆ ಕಣ್ಣು ತಕ್ಕಡಿಯಪ್ಪನವರ ಮೇಲಿತ್ತು. ಅವರು ತಮ್ಮ ಜೀವಮಾನದಲ್ಲಿ ಮೊದಲ ಸಲ, ಶುರುಮಾಡಿದ ಮಾತನ್ನು ದಾರಿ ತಪ್ಪದೆ ಮುಗಿಸಿದರು.

“ನಾನು ಸದಸ್ಯ ಅಲ್ಲ. ರಿಪೇರಿಗೆ ಬಂದವನು. ಮನೇಲಿ ಹೇಳೋಕೆ ಆಗ್ಲಿಲ್ಲ, ತಪ್ಪು ನಂದು. ಆದ್ರೆ ತಕ್ಕಡಿ ತಪ್ಪಿಲ್ಲ. ಇಷ್ಟು ದಿನ ಇದು ಕಡಿಮೆ ತೋರಿಸ್ತಿತ್ತು. ಇದನ್ನ ಒಳಗೆ ಸಿಕ್ಕಿಸಿದ್ರು.” ಮನೆಯಿಂದ ಹೊರಡುವಾಗ ಪೆಟ್ಟಿಗೆಯಿಂದ ಜೇಬಿಗೆ ಹಾಕಿಕೊಂಡಿದ್ದ ಬೆಣೆಯನ್ನು ತೆಗೆದು ಇನ್ಸ್‌ಪೆಕ್ಟರ ಕೈಗಿಟ್ಟರು.

ಇನ್ಸ್‌ಪೆಕ್ಟರು ಹಿತ್ತಾಳೆ ಹಿಡಿಯ ಮುದ್ರೆ ನೋಡಿದರು. ಗೋಡೆಯ ಮೇಲಿನ ಚಿತ್ರ ನೋಡಿದರು. ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಮುತ್ತಜ್ಜನನ್ನು ನೋಡಿದರು. ಆ ಮುತ್ತಜ್ಜ ಒಬ್ಬರೇ ಯಾರನ್ನೂ ನೋಡದೆ ದೂರಕ್ಕೆ ದೃಷ್ಟಿ ನೆಟ್ಟಿದ್ದರು.

“ಅಪರಾಧಿ ಈಗ ಇಲ್ಲದಿರೋದ್ರಿಂದ ಇಲಾಖೆ ಏನೂ ಮಾಡೋ ಹಾಗಿಲ್ಲ,” ಎಂದರು ಇನ್ಸ್‌ಪೆಕ್ಟರು.

ಆಗ ತಕ್ಕಡಿಯಪ್ಪನವರ ಹೆಂಡತಿ ಮುಂದೆ ಬಂದರು. ಎಲ್ಲರೂ ಈಗ ಗಂಡನಿಗೆ ಗ್ರಹಚಾರ ಎಂದುಕೊಂಡರು.

“ಇವರು ಸದಸ್ಯ ಅಲ್ಲ ಅಂತ ನಂಗೆ ಗುರುವಾರಾನೇ ಗೊತ್ತಿತ್ತು. ಸದಸ್ಯರಾಗೋಕೆ ಹೋದವರು ಯಾರು ತೋಳಿಗೆ ಗ್ರೀಸು ಮೆತ್ಕೊಂಡು ಬರ್ತಾರೆ? ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ. ಇವರು ಬಾಯಿ ಬಿಡೋಕೆ ಇನ್ನೂರು ಜನ ಬೇಕಾಯ್ತು.” ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ಸ್ವಲ್ಪ ಇಳೀತೀರಾ ಸಾರ್?” ಎಂದರು.

ಅಧ್ಯಕ್ಷರು ಇಳಿದರು. ಆಕೆ ಹತ್ತಿದರು. ಕೈಚೀಲವನ್ನೂ ಕೆಳಗಿಡಲಿಲ್ಲ.

“ಎಂಬತ್ತು!” ಬಾಗಿಲಿನವನು ಕೂಗುವ ಮೊದಲೇ ತಾವೇ ಕೂಗಿದರು. “ಬರೀರಿ ಅಲ್ಲಿ. ದಪ್ಪಕ್ಷರದಲ್ಲಿ. ನಾನು ತಿಂದು ಉಂಡು ಮಾಡ್ಕೊಂಡಿರೋದು, ಯಾರ ಮನೆಯಿಂದಲೂ ಕದ್ದು ತಂದಿದ್ದಲ್ಲ.”

ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ನಗು ತಡೆಯಲಾರದೆ ಕಂಬ ಹಿಡಿದುಕೊಂಡರು. “ಇಪ್ಪತ್ತು ವರ್ಷದಿಂದ ಎಪ್ಪತ್ತೆಂಟು ಅಂತ ನನ್ನ ಹತ್ರಾನೂ ಹೇಳ್ಕೊಂಡು ಬಂದ್ರಲ್ರೀ! ಮಂಚದ ಕಾಲು ಎರಡು ಸಲ ಮುರಿದಾಗ್ಲೂ ಬಡಗೀನೇ ಬೈದ್ರಲ್ರೀ!”

ಅಧ್ಯಕ್ಷರ ಮುಖ ಕೆಂಪಾಯಿತು. ಇನ್ನೊಂದು ಗಳಿಗೆ ಹೋಗಿದ್ದರೆ ಅವರು ಸಿಡಿಯುತ್ತಿದ್ದರೋ ನಗುತ್ತಿದ್ದರೋ ಹೇಳಲಾಗದು. ಅಷ್ಟರಲ್ಲಿ ತಕ್ಕಡಿಯಪ್ಪನವರು ಬಾಯಿ ಹಾಕಿದರು.

“ಒಂದು ಮಾತು. ಈ ತಕ್ಕಡಿ ಒಬ್ಬೊಬ್ಬರನ್ನ ತೂಗೋಕೆ ಮಾಡಿದ್ದೇ ಅಲ್ಲ. ಇದರ ಮೇಲೆ ಒಂದೇ ಸಲಕ್ಕೆ ಹತ್ತು ಮೂಟೆ ಇಡ್ತಿದ್ರು. ಒಬ್ಬರನ್ನೇ ನಿಲ್ಲಿಸಿದ್ರೆ ತಕ್ಕಡಿಗೂ ಸಂಕೋಚ, ಅವರಿಗೂ ಸಂಕೋಚ. ಜೊತೆಗೆ ಹತ್ತಿ ನಿಲ್ಲಿ.”

“ಜೊತೆಗೆ ಅಂದ್ರೆ?”

“ಅಧ್ಯಕ್ಷರು ಬನ್ನಿ. ಅಮ್ಮಾವ್ರೇ, ನೀವೂ ಬನ್ನಿ. ಇನ್ಸ್‌ಪೆಕ್ಟರೇ, ಕಾರ್ಯದರ್ಶಿಗಳೇ, ಲೋ, ಭಾಷಣದವನೇ, ನೀನೂ ಬಾರೋ. ಮೇಷ್ಟ್ರೇ!” ಎಂದು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಳೆದು, ಹೆಂಡತಿಯ ಪಕ್ಕದಲ್ಲಿ ಉಳಿದ ಗೇಣು ಜಾಗದಲ್ಲಿ ತಾವೂ ತೂರಿಕೊಂಡರು. ಹೊಸ ಕೋಟು ಬೆನ್ನಿನ ಮೇಲೆ ಪರ್ರೆಂದಿತು. ಎಂಟು ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತರು, ಇಲ್ಲದಿದ್ದರೆ ಬೀಳುತ್ತಿದ್ದರು.

“ಆರುನೂರ ಹನ್ನೆರಡು!” ಬಾಗಿಲಿನವನು ಕೂಗಿದ. ಈ ಸಲ ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಯಾರದೆಷ್ಟು ಎಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹಜಾರದಲ್ಲಿ ಕೋಲಾಹಲವಾಯಿತು. ಕೆಳಗಿದ್ದವರೆಲ್ಲ ಗುಂಪು ಕಟ್ಟಿಕೊಂಡು ಸಾಲು ನಿಂತರು. ಟೈಲರು ಐದು ಬೇರೆ ಬೇರೆ ಗುಂಪಿನಲ್ಲಿ ಹತ್ತಿದ. ಕಿಂಡಿಯಲ್ಲಿ ಸಿಕ್ಕಿಕೊಂಡಿದ್ದ ಉಪಾಧ್ಯಕ್ಷರು ಬಂದು, ತಮ್ಮ ಗುಂಪು ಆರುನೂರ ಐವತ್ತು ದಾಟಿತೆಂದು ಮೊದಲ ಗುಂಪಿಗೆ ಸವಾಲು ಹಾಕಿದರು. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ ಅಲ್ಲೇ ಹೊಸ ನಿಯಮ ಸಾರಿದರು. ಇನ್ನು ಮುಂದೆ ಯಾರನ್ನೂ ಒಂಟಿಯಾಗಿ ತೂಗತಕ್ಕದ್ದಲ್ಲ. ಒಳಗೆ ಬರುವವರು ಜೊತೆಗೆ ಒಬ್ಬರನ್ನಾದರೂ ಕರೆತರತಕ್ಕದ್ದು.

ಹೀಗೆ ಇನ್ನೂರು ಜನರ ಕ್ಲಬ್ಬು ಎರಡೇ ತಿಂಗಳಲ್ಲಿ ನಾನೂರರದಾಯಿತು. ಬೆಣೆಯನ್ನು ಕಾರ್ಯದರ್ಶಿಗಳು ಗಾಜಿನ ಪೆಟ್ಟಿಗೆಯಲ್ಲಿಡಿಸಿ, ‘ಸ್ಥಾಪಕರು ವ್ಯಾಪಾರದ ವೇಳೆ ಖಾಸಗಿಯಾಗಿ ಬಳಸುತ್ತಿದ್ದ ಮರದ ವಸ್ತು’ ಎಂದು ಚೀಟಿ ಅಂಟಿಸಿದರು.

ಸದಸ್ಯತ್ವದ ವಿಷಯ ಬಂದಾಗ ಸಮಿತಿಯಲ್ಲಿ ಚರ್ಚೆಯೇ ಆಗಲಿಲ್ಲವಂತೆ. ಎಲ್ಲರೂ ಒಂದೇ ದನಿಯಲ್ಲಿ ಒಪ್ಪಿದರಂತೆ. ಕಂಚಿನ ಮುದ್ರೆಯ ಲಕೋಟೆ ಮತ್ತೆ ನಮ್ಮ ಬೀದಿಗೆ ಬಂತು. ಭಾವಮೈದ ಅದನ್ನು ಒಡೆದು, ಒಂದು ಸಲ ಓದಿ, ಏನೂ ವ್ಯಾಖ್ಯಾನ ಮಾಡದೆ ಅಕ್ಕನ ಕೈಗೆ ಕೊಟ್ಟ. ಸದಸ್ಯತ್ವ ಸಿಕ್ಕಿದ್ದು ಆಕೆಗೆ. ‘ಸ್ವಂತ ತೂಕವನ್ನು ಸ್ವಂತ ಬಾಯಲ್ಲಿ ಕೂಗಿದ ಮೊದಲ ವ್ಯಕ್ತಿ’ ಎಂದು ಕಾರಣವನ್ನೂ ಬರೆದಿದ್ದರು.

ಮೊದಲ ದಿನ ಗಂಡಹೆಂಡತಿ ಇಬ್ಬರೂ ಹೋದರು. ಬಾಗಿಲಿನವನು ಆಕೆಗೆ ಸಲಾಮು ಹೊಡೆದು, ತಕ್ಕಡಿಯಪ್ಪನವರನ್ನು ತಡೆದ. “ಅಮ್ಮಾವ್ರೇ, ಇವರು?”

ಆಕೆ ಗಂಡನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಅವಸರವೇನೂ ಮಾಡಲಿಲ್ಲ. “ನನ್ನ ಜೊತೆ ಬಂದಿದ್ದಾರೆ. ಬಿಡಿ,” ಎಂದರು.

ಇಬ್ಬರೂ ಒಟ್ಟಿಗೆ ಹಲಗೆ ಹತ್ತಿದರು.

“ನೂರ ನಲವತ್ತೈದು!”

“ನೂರ ನಲವತ್ನಾಲ್ಕು ಆಗ್ಬೇಕಿತ್ತು,” ಎಂದರು ತಕ್ಕಡಿಯಪ್ಪನವರು. “ನಿಂದು ಎಂಬತ್ತು, ನಂದು ಅರುವತ್ನಾಲ್ಕು. ಬೆಳಿಗ್ಗೆ ನಾಲ್ಕು ತಕ್ಕಡೀಲೂ ನೋಡ್ಕೊಂಡು ಬಂದಿದ್ದೀನಿ.”

“ಹಾಗಾದ್ರೆ ಒಂದು ಕಿಲೋ ನಂದು ಅಂತಾನಾ?”

“ನಾನು ಹಾಗಂದ್ನಾ? ಲೆಕ್ಕ ಹೇಳ್ದೆ.”

“ತಕ್ಕಡಿ ಸರಿ ಮಾಡಿದವರು ನೀವೇ ಅಲ್ವಾ? ಅದೇ ತಪ್ಪಿರಬಹುದು.”

“ತಕ್ಕಡಿ ತಪ್ಪಲ್ಲ ಕಣೇ!”

ಈ ವಾದ ಹಜಾರ ದಾಟಿತು, ಬಿಲಿಯರ್ಡ್ಸ್ ಮೇಜು ದಾಟಿತು, ‘ಮೌನ ಪಾಲಿಸಿ’ ಎಂದು ಬರೆದಿದ್ದ ವಾಚನಾಲಯವನ್ನು ಹೊಕ್ಕಿತು. ಅಲ್ಲಿ ಪತ್ರಿಕೆ ಓದುತ್ತಿದ್ದವರು ಒಬ್ಬೊಬ್ಬರಾಗಿ ಪತ್ರಿಕೆ ಮಡಿಸಿಟ್ಟು, ಅರ್ಧ ಜನ ಆಕೆಯ ಕಡೆ, ಅರ್ಧ ಜನ ಇವರ ಕಡೆ ಸೇರಿಕೊಂಡರು. ಆ ಒಂದು ಕಿಲೋ ಯಾರದೆಂದು ಕ್ಲಬ್ಬಿನಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.